ಬುಧವಾರದ ನೊವೆನಾ ತಪ್ಪುವುದಿಲ್ಲ, ಭಾನುವಾರದ ಪೂಜೆ ಮಾತ್ರ ತಪ್ಪುತ್ತದೆ

ಪ್ರಶ್ನೆ: ಮೀರಾ ರೋಡಿನ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ನಾವು ಐದು ಜನ. ನನ್ನ ತವರು ಚಿಕ್ಕಮಗಳೂರು ಕಡೆ, ಗಂಡನ ಊರು ಕಾರ್ಕಳ. ನಾನು ಆಸ್ಪತ್ರೆಯಲ್ಲಿ ನರ್ಸ್, ಆಗಾಗ ಭಾನುವಾರವೂ ಡ್ಯೂಟಿ ಬೀಳುತ್ತದೆ. ಗಂಡನಿಗೆ ಚರ್ಚ್‌ಗೇಟ್ ಕಡೆ ಕೆಲಸ, ಮನೆ ಮುಟ್ಟುವಾಗ ರಾತ್ರಿ ಒಂಬತ್ತು. ಬುಧವಾರದ ಮಾಹಿಮ್ ನೊವೆನಾ (ಚರ್ಚಿನಲ್ಲಿ ಮಾತೆ ಮರಿಯಳಿಗೆ ಸಲ್ಲಿಸುವ ಬೇಡಿಕೆಯ ಪ್ರಾರ್ಥನೆ) ಅವರು ಬಿಟ್ಟವರಲ್ಲ, ಆದರೆ ಭಾನುವಾರ ಚರ್ಚಿನ ಪೂಜೆಗೆ ಎಬ್ಬಿಸಿದರೆ "ವಾರಕ್ಕೊಂದು ದಿನ ಮಲಗಲು ಬಿಡು" ಅನ್ನುತ್ತಾರೆ. ಅತ್ತೆಗೆ ಸಂಜೆ ಏಳೂವರೆಗೆ ಐದು ರಹಸ್ಯದ ತೇರ್ಸ್, ಅಂದರೆ ಐದು ಸುತ್ತಿನ ಜಪಸರದ ಪ್ರಾರ್ಥನೆ, ಆಗಲೇಬೇಕು, ಅದೂ ಎಲ್ಲರೂ ಮೊಣಕಾಲೂರಿ. ಎಂಟನೇ ಕ್ಲಾಸಿನ ಮಗಳು "ಒಂದೇ ಮಾತನ್ನು ಐವತ್ತು ಸಲ ಹೇಳಿದರೆ ದೇವರಿಗೆ ಬೋರ್ ಆಗಲ್ವಾ?" ಎಂದು ಕೇಳಿದ ದಿನ ಮನೆಯಲ್ಲಿ ದೊಡ್ಡ ರಂಪ. ಹೋದ ತಪಸ್ಸುಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ವ್ರತದ ದಿನಗಳು) ಶುಕ್ರವಾರ ಅವಳು ಆಮ್ಲೆಟ್ ತಿಂದಳೆಂದು ಇನ್ನೊಂದು ರಂಪ. ಚಿಕ್ಕವನು ಈ ವರ್ಷ ಪ್ರಥಮ ಪರಮಪ್ರಸಾದದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸುವ) ಕ್ಲಾಸಿಗೆ ಸೇರಿದ್ದಾನೆ. ಅತ್ತೆಗೆ ಸಕ್ಕರೆ ಕಾಯಿಲೆ ಇದ್ದರೂ ಭಾನುವಾರ ಪೂಜೆ ಮುಗಿಯುವ ತನಕ ನೀರು ಕೂಡ ಕುಡಿಯುವುದಿಲ್ಲ. ಊರಿನಲ್ಲಿ ಇದೆಲ್ಲ ತಾನಾಗಿ ನಡೆಯುತ್ತಿತ್ತು. ಇಲ್ಲಿ ಪ್ರಾರ್ಥನೆಯ ಹೊತ್ತು ಎಂದರೆ ಜಗಳದ ಹೊತ್ತು ಎಂದಾಗಿದೆ. ಎಲ್ಲಿ ಬಿಗಿ ಮಾಡಬೇಕು, ಎಲ್ಲಿ ಸಡಿಲ ಬಿಡಬೇಕು ಹೇಳುತ್ತೀರಾ?

ಉತ್ತರ: ಅತ್ತೆಯವರ ಸಕ್ಕರೆಯಿಂದಲೇ ಶುರು ಮಾಡೋಣ. ಉಳಿದದ್ದಕ್ಕೆಲ್ಲ ಸಮಯವಿದೆ, ಇದಕ್ಕಿಲ್ಲ. ಸಕ್ಕರೆ ಇಳಿದು ಚರ್ಚಿನ ಬೆಂಚಿನಲ್ಲಿ ಬೆವರಿ ಒರಗುವ ಹಿರಿಯರನ್ನು ನಮ್ಮ ಭಾಗದ ಪೂಜೆಗಳಲ್ಲಿ ನಾನು ಕಂಡಿದ್ದೇನೆ. ನೀವು ನರ್ಸ್, ನಿಮಗೆ ವಿವರಿಸಬೇಕಾಗಿಲ್ಲ.

ನಡುರಾತ್ರಿಯಿಂದ ಏನೂ ಮುಟ್ಟಬಾರದು, ನೀರೂ ಕೂಡದು ಎಂಬುದು ಅತ್ತೆಯವರು ಕಟ್ಟಿಕೊಂಡದ್ದಲ್ಲ. ಒಂದು ಕಾಲಕ್ಕೆ ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, ನಿಯಮವೇ ಹಾಗಿತ್ತು. 1953ರಲ್ಲಿ ಪೋಪ್ ಹನ್ನೆರಡನೇ ಪಿಯುಸ್ ನೀರು ಕುಡಿದರೆ ಉಪವಾಸ ಮುರಿಯುವುದಿಲ್ಲ ಎಂದರು. 1957ರಲ್ಲಿ ಅದೇ ಪೋಪ್ ಉಪವಾಸವನ್ನು ಮೂರು ಗಂಟೆಗೆ ಇಳಿಸಿದರು. 1964ರಲ್ಲಿ ಆರನೇ ಪೌಲ್ ಅದನ್ನು ಒಂದು ಗಂಟೆ ಮಾಡಿದರು. ಈಗ ಜಾರಿಯಲ್ಲಿರುವ ಧರ್ಮಸಭೆಯ 1983ರ ಕಾನೂನು ಸಂಹಿತೆಯೂ ಒಂದು ಗಂಟೆಯನ್ನೇ ಹೇಳುತ್ತದೆ, ಅದೂ ಪೂಜೆ ಶುರುವಾಗುವ ಮುಂಚೆ ಅಲ್ಲ, ಪರಮಪ್ರಸಾದ ಸ್ವೀಕರಿಸುವ ಮುಂಚೆ. ನೀರಿಗೂ ಔಷಧಿಗೂ ಯಾವ ಅಡ್ಡಿಯೂ ಇಲ್ಲ. ವಯಸ್ಸಾದವರು, ಕಾಯಿಲೆಯವರು, ಅವರ ಆರೈಕೆ ಮಾಡುವವರು ಆ ಒಂದು ಗಂಟೆಯೊಳಗೆ ತಿಂದಿದ್ದರೂ ಪರಮಪ್ರಸಾದ ತೆಗೆದುಕೊಳ್ಳಬಹುದು. ಅಂದರೆ ಅತ್ತೆಯವರು ಇನ್ಸುಲಿನ್ ತೆಗೆದುಕೊಂಡು, ಎರಡು ಇಡ್ಲಿ ತಿಂದು, ನೆಮ್ಮದಿಯಾಗಿ ಪೂಜೆಗೆ ಹೋಗಬಹುದು.

ಆದರೆ ಈ ಮಾತನ್ನು ಸೊಸೆ ಹೇಳಿದರೆ ನಡೆಯುವುದಿಲ್ಲ. ಭಾನುವಾರ ಪೂಜೆಯಾದ ಮೇಲೆ ಧರ್ಮಗುರುಗಳನ್ನು ಬಾಗಿಲಲ್ಲೇ ಹಿಡಿದು, ಅತ್ತೆಯವರ ಎದುರಿಗೆ ಕೇಳಿ. ಅವರ ಬಾಯಿಂದ ಒಂದು ವಾಕ್ಯ ಬಂದರೆ ಸಾಕು.

ಇದನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ನಿಮ್ಮ ಮನೆಯ ಎಲ್ಲ ಜಗಳಗಳ ಬೇರು ಇಲ್ಲೇ ಇದೆ. ಧರ್ಮಸಭೆ ಕಡ್ಡಾಯ ಎಂದದ್ದು ಯಾವುದು, ಮನೆತನ ರೂಢಿ ಮಾಡಿಕೊಂಡದ್ದು ಯಾವುದು, ಇವೆರಡೂ ನಿಮ್ಮಲ್ಲಿ ಕಲಸಿಹೋಗಿವೆ. ಕಡ್ಡಾಯದ ಪಟ್ಟಿ ನೀವು ಅಂದುಕೊಂಡದ್ದಕ್ಕಿಂತ ಬಹಳ ಚಿಕ್ಕದು. ತಮಾಷೆ ಏನೆಂದರೆ, ಆ ಚಿಕ್ಕ ಪಟ್ಟಿಯಲ್ಲಿರುವುದನ್ನೇ ನೀವು ಕೈಬಿಟ್ಟಿದ್ದೀರಿ, ಪಟ್ಟಿಯಲ್ಲಿ ಇಲ್ಲದ್ದಕ್ಕೆ ರಂಪ ಮಾಡುತ್ತಿದ್ದೀರಿ.

ನಿಮ್ಮ ಯಜಮಾನರನ್ನೇ ನೋಡಿ. ಮಾಹಿಮ್‌ನ ಸಂತ ಮೈಕೆಲರ ಚರ್ಚಿನ ಬುಧವಾರದ ನೊವೆನಾ 1948ರಲ್ಲಿ ಶುರುವಾದದ್ದು. ನಿತ್ಯ ಸಹಾಯ ಮಾತೆಯ ಆ ಪಟದ ಮುಂದೆ ಕ್ರೈಸ್ತರಲ್ಲದವರೂ ಮೇಣದ ಬತ್ತಿ ಹಿಡಿದು ಸಾಲು ನಿಲ್ಲುತ್ತಾರೆ. ಬುಧವಾರ ಸಂಜೆ ಮಾಹಿಮ್ ಸ್ಟೇಷನ್ನಿನಲ್ಲಿ ಇಳಿದವರಿಗೆ ದಾರಿ ಕೇಳಬೇಕಾಗಿಯೇ ಇಲ್ಲ, ಜನರ ಹಿಂದೆ ನಡೆದರಾಯಿತು. ದಿನವಿಡೀ ನಿಂತುಕೊಂಡೇ ಪ್ರಯಾಣ ಮಾಡುವ ಮನುಷ್ಯ ಅಲ್ಲಿ ಮತ್ತೆ ಇಳಿದು, ಮತ್ತೆ ನಿಂತು, ಮತ್ತೆ ವಿರಾರ್ ಗಾಡಿಯಲ್ಲಿ ತುರುಕಿಕೊಂಡು ಬರುತ್ತಾರೆ ಎಂದರೆ ಅವರಿಗೆ ಭಕ್ತಿ ಇಲ್ಲ ಎನ್ನುವ ಹಾಗೇ ಇಲ್ಲ. ಆದರೂ ನೊವೆನಾ ಅವರವರ ಇಷ್ಟದ ಭಕ್ತಿ. ಭಾನುವಾರದ ಬಲಿಪೂಜೆ ಹಾಗಲ್ಲ, ಅದು ವಿಶ್ವಾಸಿಗಳ ಕರ್ತವ್ಯ. ನೊವೆನಾಗೆ ನಾವು ನಮ್ಮ ಬೇಡಿಕೆ ಹಿಡಿದುಕೊಂಡು ಹೋಗುತ್ತೇವೆ: ಮಗಳ ಅಡ್ಮಿಷನ್, ಮನೆ ಸಾಲ, ವೀಸಾ. ಭಾನುವಾರ ನಾವು ಕೇಳುವುದಕ್ಕಿಂತ ಕೊಡುವುದು ಹೆಚ್ಚು. ಗಂಡಸರು ಭಾನುವಾರ ಜಾರಿಕೊಳ್ಳುವುದಕ್ಕೆ ಇದೂ ಒಂದು ಕಾರಣ ಎಂದು ನನಗೆ ಬಹಳ ದಿನದಿಂದ ಅನುಮಾನ.

ಇಷ್ಟು ಹೇಳಿದರೂ ಅವರ ನಿದ್ದೆಯ ದೂರು ಸುಳ್ಳಲ್ಲ. ಅದಕ್ಕೆ ದಾರಿ ಇದೆ. ಹಿಂದಿನ ದಿನದ ಸಂಜೆ ಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕರ್ತವ್ಯ ಪೂರೈಸುತ್ತದೆ. ಕಾನೂನು ಸಂಹಿತೆಯಲ್ಲೇ ಇದು ಸ್ಪಷ್ಟವಾಗಿದೆ. ಮುಂಬೈಯ ಅನೇಕ ಧರ್ಮಕೇಂದ್ರಗಳಲ್ಲಿ ಶನಿವಾರ ಸಂಜೆಯ ಪೂಜೆಯೂ ಇದೆ, ಭಾನುವಾರ ಸಂಜೆಯದೂ ಇದೆ. ಡ್ಯೂಟಿ ಚಾರ್ಟ್ ಬಂದ ದಿನವೇ ಆ ತಿಂಗಳ ಯಾವ ವಾರ ಶನಿವಾರ ಸಂಜೆ, ಯಾವ ವಾರ ಭಾನುವಾರ ಸಂಜೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬೆಳಗಿನ ಏಳರ ಪೂಜೆಯೇ ಪೂಜೆ ಎಂಬ ಹಟ ಬಿಡಿ. ಅದು ಊರಿನ ಹಟ, ಅಲ್ಲಿ ಬೇರೆ ಪೂಜೆ ಇರಲಿಲ್ಲ.

ನಿಮಗೆ ಎರಡೂ ದಿನ ಡ್ಯೂಟಿ ಬಿದ್ದು, ಯಾವ ಪೂಜೆಯೂ ಸಿಗದೆ ಹೋದರೆ? ಕಾಯಿಲೆ, ಹಸುಗೂಸಿನ ಆರೈಕೆಯಂಥ ಗಂಭೀರ ಕಾರಣಗಳಿದ್ದವರಿಗೆ ಭಾನುವಾರದ ಕರ್ತವ್ಯದಿಂದ ವಿನಾಯಿತಿ ಇದೆ ಎಂದು ಧರ್ಮಸಭೆಯ ಅಧಿಕೃತ ಧರ್ಮೋಪದೇಶ ಗ್ರಂಥ ಹೇಳುತ್ತದೆ. ಐಸಿಯುನಲ್ಲಿ ರೋಗಿಯನ್ನು ನೋಡಿಕೊಳ್ಳುವ ನರ್ಸಿನ ಕೆಲಸ ಅದಕ್ಕಿಂತ ಕಡಿಮೆಯದೇನೂ ಅಲ್ಲ. ಅದನ್ನು ಪಾಪ ಎಂದು ಹೊತ್ತುಕೊಂಡು ಅಲೆಯಬೇಡಿ. ಆ ದಿನದ ಶುಭಸಂದೇಶದ ವಾಚನವನ್ನು ಊಟದ ಬಿಡುವಿನಲ್ಲಿ ಓದಿಕೊಳ್ಳಿ, ಸಾಕು.

ಈಗ ತೇರ್ಸ್ ವಿಚಾರ.

ಜಪಸರ ಬಹಳ ಹಿರಿದಾದ ಪ್ರಾರ್ಥನೆ, ಆದರೆ ಯಾರಿಗೂ ಕಡ್ಡಾಯವಲ್ಲ. ಮೊಣಕಾಲೂರುವುದು ಕಡ್ಡಾಯವಲ್ಲ. ಏಳೂವರೆ ಎಂಬ ಗಳಿಗೆಯಂತೂ ಎಲ್ಲೂ ಬರೆದಿಲ್ಲ. ಕಾರ್ಕಳದಲ್ಲಿ ಏಳೂವರೆಗೆ ಮನೆಮಂದಿಯೆಲ್ಲ ಮನೆಯೊಳಗೆ ಇರುತ್ತಿದ್ದರು, ಮೀರಾ ರೋಡಿನಲ್ಲಿ ಆ ಹೊತ್ತಿಗೆ ನಿಮ್ಮ ಯಜಮಾನರು ಇನ್ನೂ ಫೂಟ್‌ಬೋರ್ಡಿನ ಮೇಲೆ. ನಿಮ್ಮ ಹಾಲ್ ನನ್ನ ಕಣ್ಣಿಗೆ ಕಟ್ಟುತ್ತದೆ. ಟೀವಿ ಮೇಲೆ ಯೇಸುವಿನ ಪವಿತ್ರ ಹೃದಯದ ಪಟ, ಅದರ ಕೆಳಗೆ ಕೆಂಪು ಬಲ್ಬು, ಅಲ್ಲೇ ಮಗಳ ಓದುವ ಜಾಗ, ರಾತ್ರಿ ಅದೇ ಅತ್ತೆಯವರ ಮಲಗುವ ಜಾಗ. ಅಲ್ಲಿ ಇಪ್ಪತ್ತು ನಿಮಿಷದ ಮೌನ ಬೇಕೆಂದರೆ ಒಬ್ಬರ ಓದು, ಒಬ್ಬರ ಅಡುಗೆ, ಒಬ್ಬರ ಫೋನು ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಬೇಕು. ದಿನಾ ನಿಲ್ಲಿಸಿದರೆ ಜಗಳವಾಗದೆ ಇನ್ನೇನಾಗುತ್ತದೆ?

ಹೀಗೆ ಮಾಡಿ ನೋಡಿ. ಅತ್ತೆಯವರು ಅವರ ಏಳೂವರೆಗೆ ಅವರ ತೇರ್ಸ್ ಶುರು ಮಾಡಲಿ, ನಾಲ್ಕು ರಹಸ್ಯ ಒಬ್ಬರೇ ಹೇಳಿಕೊಳ್ಳಲಿ. ಐದನೆಯದನ್ನು ಉಳಿಸಿಕೊಳ್ಳಲಿ. ಒಂಬತ್ತೂಕಾಲಿಗೆ, ಮಗ ಬಂದು ಕೈಕಾಲು ತೊಳೆದ ಮೇಲೆ, ತಟ್ಟೆ ಇಡುವ ಮುಂಚೆ ಆ ಒಂದು ರಹಸ್ಯ ಎಲ್ಲರೂ ಸೇರಿ. ಒಂದು ಪರಲೋಕ ಪ್ರಾರ್ಥನೆ, ಹತ್ತು ನಮೋ ಮರಿಯಾ, ಒಂದು ಮಹಿಮೆ. ನಾಲ್ಕು ನಿಮಿಷ. ಚಿಕ್ಕವನು ನಿದ್ದೆ ತೂಗುತ್ತಿದ್ದರೆ ಸೋಫಾದ ಮೇಲೆ ಒರಗಿಕೊಂಡೇ ಹೇಳಲಿ. ಶನಿವಾರ ಎಲ್ಲರಿಗೂ ಬಿಡುವಿದ್ದರೆ ಐದೂ ಹೇಳಿ.

ಭಾಷೆಯ ಗೊಂದಲವೂ ನಿಮ್ಮಲ್ಲಿ ಇದ್ದೇ ಇರುತ್ತದೆ: ಅತ್ತೆಗೆ ಕೊಂಕಣಿ, ನಿಮಗೆ ಕನ್ನಡ, ಮಕ್ಕಳಿಗೆ ಕಾನ್ವೆಂಟಿನ ಇಂಗ್ಲಿಷ್. ಒಂದೇ ಭಾಷೆಗೆ ಎಲ್ಲರನ್ನೂ ತರುವ ಗೋಜಿಗೆ ಹೋಗಬೇಡಿ. ಮೊದಲರ್ಧ ಹೇಳಿಸುವವರು ತಮ್ಮ ಭಾಷೆಯಲ್ಲಿ ಹೇಳಲಿ, ಉತ್ತರ ಕೊಡುವವರು ತಮ್ಮ ಭಾಷೆಯಲ್ಲಿ ಕೊಡಲಿ. ಮೇ ತಿಂಗಳಲ್ಲಿ ಮುಂಬೈಯ ಗಲ್ಲಿ ಶಿಲುಬೆಗಳ ಮುಂದೆ ನೆರೆಹೊರೆಯವರು ಸೇರಿ ಜಪಸರ ಹೇಳುವಾಗ ಇದೇ ಆಗುತ್ತದೆ, ಯಾರಿಗೂ ಅದು ವಿಚಿತ್ರ ಅನಿಸುವುದಿಲ್ಲ. ಮಕ್ಕಳು ಸರದಿಯ ಮೇಲೆ ಹೇಳಿಸಲಿ. ಅಜ್ಜಿಯ ಕೊಂಕಣಿಯನ್ನು ಮೊಮ್ಮಗ ಅಲ್ಲೇ ಕಿವಿಯಲ್ಲಿ ಹಿಡಿಯುತ್ತಾನೆ, ಅದಕ್ಕೆ ಬೇರೆ ಕ್ಲಾಸ್ ಬೇಡ.

ಜಪಸರ ಮುಗಿದ ಮೇಲೆ ಚಿಕ್ಕವರು ಹಿರಿಯರ ಮುಂದೆ ಕೈಮುಗಿದು 'ಬೆಸಾಂವ್' (ಆಶೀರ್ವಾದ) ಕೇಳುವ ಪದ್ಧತಿ ನಿಮ್ಮ ಗಂಡನ ಮನೆಯಲ್ಲಿ ಇತ್ತಲ್ಲ? ಇಡೀ ತೇರ್ಸ್ ಬಿಟ್ಟರೂ ಇದೊಂದನ್ನು ಬಿಡಬೇಡಿ ಎನ್ನುತ್ತೇನೆ. ಸಂಜೆ ಅಜ್ಜಿಯ ಜೊತೆ ಮುಖ ಊದಿಸಿಕೊಂಡ ಹುಡುಗಿ ರಾತ್ರಿ ಅದೇ ಅಜ್ಜಿಯ ಮುಂದೆ ತಲೆ ಬಗ್ಗಿಸಬೇಕು, ಅಜ್ಜಿಯೂ ಕೋಪ ಇಟ್ಟುಕೊಂಡು ಹರಸಲಾರರು. ಸೂರ್ಯ ಮುಳುಗುವ ಮುಂಚೆ ಕೋಪ ಬಿಡಿ ಎಂದು ಸಂತ ಪೌಲರು ಎಫೆಸದವರಿಗೆ ಬರೆದರು. ಮುಂಬೈಯಲ್ಲಿ ಸೂರ್ಯ ಮುಳುಗುವಾಗ ಮನೆಯಲ್ಲಿ ಯಾರೂ ಇರುವುದಿಲ್ಲ, ಆದ್ದರಿಂದ ಮಲಗುವ ಮುಂಚೆ.

ಮಗಳ ಪ್ರಶ್ನೆಗೆ ಬರುತ್ತೇನೆ. ಅದಕ್ಕೆ ನೀವು ರಂಪ ಮಾಡಬಾರದಿತ್ತು, ಒಳ್ಳೆಯ ಪ್ರಶ್ನೆ ಅದು. ಬರೀ ಮಾತನ್ನೇ ಐವತ್ತು ಸಲ ಹೇಳುವುದಾದರೆ ಬೋರ್ ಆಗುವುದೇ ಸರಿ. ಜಪಸರದಲ್ಲಿ ಬಾಯಿ ಮಾತು ಹೇಳುತ್ತಿರುವಾಗ ಮನಸ್ಸು ಯೇಸುವಿನ ಬಾಳಿನ ಒಂದು ಘಟನೆಯನ್ನು, ಅಂದರೆ ಒಂದು ರಹಸ್ಯವನ್ನು, ನೋಡುತ್ತಿರಬೇಕು. ಸೋಮವಾರ, ಶನಿವಾರ ಸಂತೋಷದ ರಹಸ್ಯಗಳು; ಮಂಗಳವಾರ, ಶುಕ್ರವಾರ ದುಃಖದವು; ಬುಧವಾರ, ಭಾನುವಾರ ಮಹಿಮೆಯವು; ಗುರುವಾರ ಬೆಳಕಿನ ರಹಸ್ಯಗಳು, ಇವನ್ನು ಎರಡನೇ ಜಾನ್ ಪೌಲ್ 2002ರಲ್ಲಿ ಸೇರಿಸಿದರು. ಅತ್ತೆಯವರಿಗೆ ಆ ಘಟನೆಗಳು ಕಣ್ಣಮುಂದಿವೆ, ಹಾಗಾಗಿ ಅವರಿಗೆ ಬೇಸರವಿಲ್ಲ. ಮಗಳಿಗೆ ಹೆಸರು ಮಾತ್ರ ಕೇಳಿಸುತ್ತದೆ, ಕಥೆ ಯಾರೂ ಹೇಳಿಲ್ಲ.

ಕಥೆ ಹೇಳಿ. ಸಂತೋಷದ ಎರಡನೇ ರಹಸ್ಯದಲ್ಲಿ ಮರಿಯಾ ಬಸುರಿ ಎಲಿಜಬೆತಳ ಮನೆಗೆ ಹೋಗಿ ಸುಮಾರು ಮೂರು ತಿಂಗಳು ಇದ್ದಳು ಎಂದು ಲೂಕ ಬರೆಯುತ್ತಾನೆ. ವಯಸ್ಸಾದ ಮೇಲೆ ಬಸುರಿಯಾದ ಬಂಧುವಿನ ಮನೆಯಲ್ಲಿ ಮೂರು ತಿಂಗಳು ಇರುವುದೆಂದರೇನು ಎಂದು ಆಸ್ಪತ್ರೆಯಲ್ಲಿ ದುಡಿಯುವ ತಾಯಿಗಿಂತ ಚೆನ್ನಾಗಿ ಯಾರು ಹೇಳಬಲ್ಲರು? ಐದನೆಯದು ನಿಮ್ಮ ಮಗಳಿಗೇ ಹೇಳಿ ಮಾಡಿಸಿದಂತಿದೆ. ಹನ್ನೆರಡು ವರ್ಷದ ಹುಡುಗ ಯೇಸು ಹಬ್ಬಕ್ಕೆ ಹೋದ ಊರಿನಲ್ಲಿ ಯಾರಿಗೂ ಹೇಳದೆ ಉಳಿದುಬಿಟ್ಟ. ತಂದೆತಾಯಿ ಒಂದು ದಿನದ ದಾರಿ ನಡೆದ ಮೇಲೆ ನೋಡುತ್ತಾರೆ, ಹುಡುಗ ಇಲ್ಲ. ವಾಪಸು ಓಡಿ ಹುಡುಕಿ, ಮೂರು ದಿನದ ಮೇಲೆ ದೇವಾಲಯದಲ್ಲಿ ಸಿಕ್ಕ. ತಾಯಿ ಬೈದಳು. ಅವನು ಎದುರು ಮಾತಾಡಿದ: ನನ್ನನ್ನು ಯಾಕೆ ಹುಡುಕಿದಿರಿ, ನಾನು ತಂದೆಯ ಮನೆಯಲ್ಲಿರಬೇಕೆಂದು ಗೊತ್ತಿರಲಿಲ್ಲವೇ ಎಂದು. ಅವನ ಮಾತು ಅವರಿಗೆ ಅರ್ಥವಾಗಲಿಲ್ಲ ಎಂದೂ ಲೂಕ ಮುಚ್ಚಿಡದೆ ಬರೆದಿದ್ದಾನೆ. ಆಮೇಲೆ ಎಲ್ಲರೂ ಒಟ್ಟಿಗೆ ಮನೆಗೆ ಹೋದರು, ಹುಡುಗ ಅವರ ಮಾತು ಕೇಳಿಕೊಂಡಿದ್ದ. ಪವಿತ್ರ ಕುಟುಂಬದಲ್ಲೂ ತಾಯಿಗೆ ಮಗನ ಮಾತು ಅರ್ಥವಾಗದ ದಿನ ಇತ್ತು ಎಂದು ಎಂಟನೇ ಕ್ಲಾಸಿನ ಹುಡುಗಿಗೆ ಗೊತ್ತಾದರೆ, ಆ ಹತ್ತು ನಮೋ ಮರಿಯಾ ಅವಳಿಗೆ ಬೇರೆಯಾಗಿಯೇ ಕೇಳಿಸುತ್ತದೆ.

ಅಂದ ಹಾಗೆ, ಮಗಳ ವಿಷಯದಲ್ಲಿ ನಾನು ಎಲ್ಲವನ್ನೂ ಸಡಿಲ ಬಿಡಿ ಎನ್ನುತ್ತಿಲ್ಲ. ಜಪಸರಕ್ಕೆ ಒತ್ತಾಯ ಬೇಡ, ಭಾನುವಾರದ ಪೂಜೆಗೆ ವಿನಾಯಿತಿ ಬೇಡ. ಟ್ಯೂಷನ್ನಿಗೆ "ಮನಸ್ಸಿದ್ದರೆ ಹೋಗು" ಎಂದು ನಾವು ಯಾರೂ ಹೇಳುವುದಿಲ್ಲ. ಭಾನುವಾರ ಬೆಳಿಗ್ಗೆ ಧರ್ಮೋಪದೇಶದ ಹೊತ್ತಿಗೇ ಕೋಚಿಂಗ್ ಕ್ಲಾಸ್ ಇಡುವವರಿಗೆ ಇಲ್ಲ ಎನ್ನಲು ಮುಂಬೈಯ ಕಥೋಲಿಕ ತಂದೆತಾಯಿಗಳಿಗೆ ಧೈರ್ಯ ಬರುವುದಿಲ್ಲ, ನನಗೆ ತೀರಾ ಸಿಟ್ಟು ತರಿಸುವ ಸಂಗತಿ ಇದು. ಬ್ಯಾಚ್ ಬದಲಿಸಿ ಎಂದು ಕೇಳಿ. ಬಹಳ ಸಲ ಬದಲಿಸಿಕೊಡುತ್ತಾರೆ. ಚರ್ಚಿನಲ್ಲಿ ಅವಳಿಗೊಂದು ಕೆಲಸವೂ ಇರಲಿ: ವಾಚನ ಓದುವುದೋ, ಗಾಯನ ತಂಡವೋ, ಪೀಠಸೇವೆಯೋ. ಬೆಂಚಿನಲ್ಲಿ ಸುಮ್ಮನೆ ಕೂರುವ ಹದಿಮೂರರ ಮಕ್ಕಳಿಗೆ ಪೂಜೆ ಉದ್ದವಾಗಿಯೇ ಕಾಣುತ್ತದೆ.

ಆಮ್ಲೆಟ್ ಪ್ರಕರಣ ಎರಡೇ ಮಾತಿನಲ್ಲಿ ಮುಗಿಯುತ್ತದೆ. ಶುಕ್ರವಾರ ವರ್ಜ್ಯವಾದದ್ದು ಮಾಂಸ. ಮೊಟ್ಟೆ, ಹಾಲು ಅದರಲ್ಲಿ ಸೇರುವುದಿಲ್ಲ. ಮಾಂಸವರ್ಜನೆಯ ನಿಯಮವೂ ಹದಿನಾಲ್ಕು ತುಂಬಿದವರಿಗೆ. ಹದಿನೆಂಟು ತುಂಬಿದವರಿಂದ ಅರುವತ್ತಕ್ಕೆ ಕಾಲಿಡುವವರೆಗೆ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸ, ಅಂದರೆ ಒಂದು ಪೂರ್ತಿ ಊಟ, ಬೇಕಿದ್ದರೆ ಇನ್ನೆರಡು ಹೊತ್ತು ಸ್ವಲ್ಪ ಸ್ವಲ್ಪ. ಕಾನೂನಿನ ಲೆಕ್ಕದಲ್ಲಿ ನಿಮ್ಮ ಮಗಳಿಂದ ತಪ್ಪೇ ಆಗಿಲ್ಲ. ನನಗೆ ನಗು ಬರುವುದು ಬೇರೆ ಕಾರಣಕ್ಕೆ: ತಪಸ್ಸುಕಾಲದ ಶುಕ್ರವಾರ ಮಟನ್ ಬಿಟ್ಟು, ಅದಕ್ಕಿಂತ ದುಬಾರಿಯ ಸುರಮಯಿ ಮೀನು ತಂದು ರವೆ ಹಚ್ಚಿ ಕರಿದು ತಿಂದು, ಅದನ್ನು ತ್ಯಾಗ ಎನ್ನುತ್ತೇವೆ. ನಿಯಮ ಮುರಿದಿಲ್ಲ, ನಿಜ. ತಪಸ್ಸು ಎಲ್ಲಿ ಹೋಯಿತು? ಶುಕ್ರವಾರ ಗಂಜಿ, ಪಲ್ಯ ಮಾಡಿ. ಉಳಿದ ದುಡ್ಡನ್ನು ಒಂದು ಡಬ್ಬಿಗೆ ಹಾಕಲು ಚಿಕ್ಕವನ ಕೈಗೆ ಕೊಡಿ. ಪಾಸ್ಕ (ಈಸ್ಟರ್) ಹಬ್ಬದ ಮುಂಚೆ ಅದು ಯಾರಿಗೆ ಹೋಗಬೇಕೆಂದು ಅವನೇ ಹೇಳಲಿ.

ಯಾರಿಗೆ ಎಂಬ ಮಾತು ಬಂದಾಗ ನಿಮ್ಮ ಪತ್ರದಲ್ಲಿ ಇಲ್ಲದ ಒಂದು ವಿಷಯ ಹೇಳಬೇಕೆನಿಸಿತು. ಮನೆಯಲ್ಲಿ ವಿಶ್ವಾಸ ಎಂದ ಕೂಡಲೇ ನಾವೆಲ್ಲ ಪ್ರಾರ್ಥನೆಯ ಲೆಕ್ಕಕ್ಕೆ ಇಳಿಯುತ್ತೇವೆ. ನಿಮ್ಮ ಮನೆಗೆ ಪಾತ್ರೆ ತಿಕ್ಕಲು ಮನೆಗೆಲಸದ ಬಾಯಿ ಬರುತ್ತಾಳಲ್ಲ, ಅವಳಿಗೆ ಬೇರೆ ಕಪ್ ಇಟ್ಟಿದ್ದೀರಾ? ಜ್ವರ ಬಂದು ಎರಡು ದಿನ ಬರದಿದ್ದರೆ ಸಂಬಳ ಕತ್ತರಿಸುತ್ತೀರಾ? ಮಕ್ಕಳು ಅದನ್ನು ನೋಡುತ್ತಾರೆ. ತೇರ್ಸ್‌ನಲ್ಲಿ ನೀವು ಎಷ್ಟು ಮಣಿ ಹೇಳಿದಿರಿ ಎಂದು ಅವರಿಗೆ ನೆನಪಿರುವುದಿಲ್ಲ, ಅವಳ ಕಪ್ ನೆನಪಿರುತ್ತದೆ. ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕುಟುಂಬವನ್ನು ಒಂದು ಗೃಹಸಭೆ ಎಂದು ಕರೆದು, ತಂದೆತಾಯಿ ಮಾತಿನಿಂದಲೂ ನಡತೆಯಿಂದಲೂ ಮಕ್ಕಳಿಗೆ ವಿಶ್ವಾಸದ ಮೊದಲ ಬೋಧಕರಾಗಬೇಕು ಎಂದಿತು. ಮಾತಿನ ಭಾಗ ನಮ್ಮಲ್ಲಿ ಧಾರಾಳವಾಗಿದೆ.

ಆ ದಾಖಲೆ ತಂದೆತಾಯಿ ಎನ್ನುತ್ತದೆ, ಅಜ್ಜಿ ಎನ್ನುವುದಿಲ್ಲ. ನಿಮ್ಮ ಮನೆಯಲ್ಲಿ ಇಡೀ ಹೊರೆ ಅತ್ತೆಯವರ ತಲೆಯ ಮೇಲಿದೆ, ಅವರ ದನಿ ಗಡುಸಾಗಿರುವುದು ಅದಕ್ಕೇ. ತಾನು ಬಿಟ್ಟರೆ ಇದೆಲ್ಲ ನಿಂತೇಹೋಗುತ್ತದೆ ಎಂಬ ಭಯ ಅವರಿಗೆ. ಆ ಭಯ ಹೋಗಬೇಕಾದರೆ ಅವರ ಮಗ ಒಂದು ಹೆಜ್ಜೆ ಮುಂದೆ ಬರಬೇಕು, ಸೊಸೆ ಅಲ್ಲ. ನೀವು ಮುಂದೆ ನಿಂತರೆ ಅದು ಅತ್ತೆ ಸೊಸೆಯರ ಇನ್ನೊಂದು ಜಗಳವಾಗುತ್ತದೆ ಅಷ್ಟೆ.

ನಿಮ್ಮ ಯಜಮಾನರಿಗೆ ಎರಡು ಕೆಲಸ ಹಚ್ಚಿ. ಮೊದಲನೆಯದಕ್ಕೆ ಎರಡು ಸೆಕೆಂಡ್ ಸಾಕು. ದೀಕ್ಷಾಸ್ನಾನದ ದಿನ ಧರ್ಮಗುರುಗಳು ಮಗುವಿನ ಹಣೆಯ ಮೇಲೆ ಶಿಲುಬೆ ಗುರುತು ಹಾಕಿ, ಆಮೇಲೆ ತಂದೆತಾಯಿಯಿಂದಲೂ ಹಾಕಿಸುತ್ತಾರೆ. ಬಹಳ ತಂದೆಯರ ಹೆಬ್ಬೆರಳು ಆ ಹಣೆಯನ್ನು ಮುಟ್ಟಿದ್ದು ಅದೇ ಮೊದಲು, ಅದೇ ಕೊನೆ. ಬೆಳಿಗ್ಗೆ ಬ್ಯಾಗ್ ಹೆಗಲಿಗೇರಿಸಿ ಚಪ್ಪಲಿ ಹಾಕಿಕೊಳ್ಳುವಾಗ, ಮಕ್ಕಳು ಮಲಗಿದ್ದರೆ ಮಲಗಿದಲ್ಲೇ, ಹಣೆಗೆ ಹೆಬ್ಬೆರಳಿನಿಂದ ಒಂದು ಶಿಲುಬೆ. ಮಾತು ಬೇಕಾಗಿಲ್ಲ. ಮಗಳು ಮುಖ ತಿರುಗಿಸಬಹುದು, ಆ ವಯಸ್ಸೇ ಹಾಗೆ. ಅವರು ನಿಲ್ಲಿಸಬಾರದು.

ಎರಡನೆಯದು ಚಿಕ್ಕವನದು. ಪ್ರಥಮ ಪರಮಪ್ರಸಾದದ ತಯಾರಿಗೆ ಧರ್ಮಕೇಂದ್ರದಲ್ಲಿ ತಂದೆತಾಯಿಗಳ ಸಭೆ ಕರೆಯುತ್ತಾರೆ. ಅಲ್ಲಿ ಕುರ್ಚಿ ತುಂಬ ತಾಯಂದಿರೇ; ತಂದೆಯರು ಹೊರಗೆ ಬೈಕ್ ಹತ್ತಿರ ಫೋನ್ ನೋಡುತ್ತ ನಿಂತಿರುತ್ತಾರೆ. ಈ ಸಲದ ಸಭೆಯ ದಿನ ನೀವು ಡ್ಯೂಟಿ ಹಾಕಿಸಿಕೊಳ್ಳಿ, ಅವರನ್ನೇ ಕಳಿಸಿ. ಚಿಕ್ಕವನ ಮೊದಲ ಪಾಪನಿವೇದನೆಯ ದಿನ ಅವರೂ ಅದೇ ಸಾಲಿನಲ್ಲಿ ಅವನ ಹಿಂದೆ ನಿಲ್ಲಲಿ. ವರ್ಷಗಳಾಗಿದ್ದರೆ ಹಾಗೆಂದೇ ಧರ್ಮಗುರುಗಳಿಗೆ ಹೇಳಿದರಾಯಿತು, ಮುಂದಿನದನ್ನು ಅವರೇ ಹೇಳಿಕೊಡುತ್ತಾರೆ.